ಕೊಂಬೂ ಒತ್ತೂ ಕಳೆದುಹೋದ ಸೂಚಿ: ಒಂದು ಕನ್ನಡ ಗ್ರಂಥಾಲಯದ ಡೇಟಾಬೇಸ್ ವರ್ಗಾವಣೆಯ ಪ್ರಕರಣ

ಮುಂಬಯಿಯ ಮಧ್ಯ ರೈಲ್ವೆ ಮಾರ್ಗದ ಒಂದು ಉಪನಗರದಲ್ಲಿ ಕನ್ನಡ ಸಂಘವೊಂದು ನಡೆಸುವ ಗ್ರಂಥಾಲಯವಿದೆ. ಎರಡು ಕೋಣೆ, ಉಕ್ಕಿನ ಕಪಾಟುಗಳು, ಸಂಜೆ ಮಾತ್ರ ತೆರೆಯುವ ಬಾಗಿಲು. ಹೋಟೆಲುಗಳಲ್ಲಿ ದುಡಿಯುವ ಹುಡುಗರಿಗಾಗಿ ಈ ನಗರದಲ್ಲಿ ಕನ್ನಡ ರಾತ್ರಿ ಶಾಲೆಗಳು ನಡೆಯುತ್ತಿದ್ದವು. ಅವುಗಳಲ್ಲಿ ಕೆಲವು ಮುಚ್ಚಿದಾಗ ಅಲ್ಲಿನ ಪುಸ್ತಕಗಳು ಈ ಕಪಾಟುಗಳಿಗೆ ಬಂದವು. ಅನೇಕ ಪುಸ್ತಕಗಳು ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಅವುಗಳ ಸೂಚಿ ಇರುವುದು ಒಂದೇ ಕಡೆ, ಸಂಘದ ಕಂಪ್ಯೂಟರಿನಲ್ಲಿ. ಹಾಗಾಗಿ ಈ ವರ್ಗಾವಣೆ ಕೆಟ್ಟರೆ ಬೇರೆಲ್ಲಿಂದಲೂ ತಂದು ಸರಿಪಡಿಸುವ ಹಾಗಿರಲಿಲ್ಲ. ನಾನು ವೃತ್ತಿಯಿಂದ ಡೇಟಾಬೇಸ್ ನೋಡಿಕೊಳ್ಳುವವನು. ಸಂಘದ ಕಾರ್ಯದರ್ಶಿಗಳು ನನ್ನನ್ನು ಕರೆಸುವ ಹೊತ್ತಿಗೆ ಒಂದು ಪ್ರಯತ್ನ ಆಗಲೇ ನಡೆದು ಅರ್ಧಕ್ಕೆ ನಿಂತಿತ್ತು.

ವ್ಯವಸ್ಥೆ ಹೀಗಿತ್ತು. ವಿಂಡೋಸ್ ಯಂತ್ರದ ಮೇಲೆ ಡೇಟಾಬೇಸ್ ನಡೆಸುವ ತಂತ್ರಾಂಶವಾದ ಮೈಎಸ್‌ಕ್ಯೂಎಲ್ 5.5, ಅದರ ಮೇಲೆ ಸದಸ್ಯರೊಬ್ಬರು ವೆಬ್ ಪುಟಗಳ ಭಾಷೆಯಾದ ಪಿಎಚ್‌ಪಿಯಲ್ಲಿ ಬರೆದುಕೊಟ್ಟ ತಂತ್ರಾಂಶ. ಪುಸ್ತಕ, ಲೇಖಕ, ಪ್ರಕಾಶಕ, ಸದಸ್ಯ, ಎರವಲು ಎಂದು ಕೆಲವೇ ಕೋಷ್ಟಕಗಳು. ವರ್ಷಗಟ್ಟಲೆ ಯಾರೂ ಮುಟ್ಟದೆ ಅದು ಚೆನ್ನಾಗಿಯೇ ನಡೆಯಿತು. ಆಮೇಲೆ ಡಿಸ್ಕ್ ಸದ್ದು ಮಾಡತೊಡಗಿತು. ಸೂಚಿಯನ್ನು ಅಂತರ್ಜಾಲಕ್ಕೆ ಹಾಕಿದರೆ ವಿರಾರಿನಲ್ಲೋ ಪನವೇಲಿನಲ್ಲೋ ಇರುವ ಸದಸ್ಯರು ಮನೆಯಿಂದಲೇ ಪುಸ್ತಕ ಹುಡುಕಬಹುದು ಎಂಬ ಆಸೆಯೂ ಸಮಿತಿಗೆ ಹುಟ್ಟಿತು. ಬಾಡಿಗೆ ಸರ್ವರಿನಲ್ಲಿ ಸಿಗುತ್ತಿದ್ದದ್ದು 8.0 ಆವೃತ್ತಿ. 5.5ರ ಬೆಂಬಲ 2018ರ ಡಿಸೆಂಬರಿನಲ್ಲಿ, 5.7ರ ಬೆಂಬಲ 2023ರ ಅಕ್ಟೋಬರಿನಲ್ಲಿ ಮುಗಿದಿದ್ದರಿಂದ ಹಳೆಯದರಲ್ಲಿಯೇ ಉಳಿಯುವುದು ಸರಿಯಾದ ದಾರಿಯಾಗಿರಲಿಲ್ಲ. ಹೋಗಬೇಕಾದದ್ದು ನಿಜ. ಹೇಗೆ ಹೋಗಬೇಕು ಎಂಬುದರಲ್ಲಿ ತಪ್ಪಾಗಿತ್ತು.

ಮೊದಲ ಪ್ರಯತ್ನದಲ್ಲಿ ನಡೆದದ್ದು

ಸರ್ವರ್ ಬಾಡಿಗೆಗೆ ಕೊಟ್ಟ ಸಂಸ್ಥೆಯ ತಂತ್ರಜ್ಞರು ಮಾಮೂಲಿನಂತೆ ಇಡೀ ಡೇಟಾಬೇಸನ್ನು ಒಂದು ಕಡತಕ್ಕೆ ಬರೆದಿಡುವ ಪ್ರತಿಯನ್ನು, ಅಂದರೆ ಡಂಪನ್ನು, ತೆಗೆದರು. ಅದರಲ್ಲಿ ಕೋಷ್ಟಕಗಳ ಅಕ್ಷರಸಂಕೇತ, ಅಂದರೆ ಅಕ್ಷರಗಳನ್ನು ಬೈಟುಗಳೆಂಬ ಸಂಖ್ಯೆಗಳಾಗಿ ಇಡುವ ಪದ್ಧತಿ, ಪಶ್ಚಿಮ ಯುರೋಪಿನ ಭಾಷೆಗಳ 'ಲ್ಯಾಟಿನ್1' ಎಂದು ನಮೂದಾಗಿರುವುದನ್ನು ಕಂಡು, ಕನ್ನಡಕ್ಕೆ ಇದು ತಪ್ಪು ಎಂದು ತೀರ್ಮಾನಿಸಿ, ಆ ಪದವಿದ್ದ ಕಡೆಯೆಲ್ಲ ಎಲ್ಲ ಲಿಪಿಗಳಿಗೂ ಒಗ್ಗುವ ಯುಟಿಎಫ್-8ರ ರೂಪವಾದ 'ಯುಟಿಎಫ್8ಎಂಬಿ4' ಎಂದು ಬದಲಿಸಿ 8.0ಕ್ಕೆ ತುಂಬಿದರು. ಇಂಗ್ಲಿಷಿನಲ್ಲಿದ್ದ ವಿಳಾಸಗಳು ಸರಿಯಾಗಿ ಬಂದವು. ಕನ್ನಡ ಇದ್ದಲ್ಲೆಲ್ಲ ತಲೆಯ ಮೇಲೆ ಗೆರೆ ಹೊತ್ತ ರೋಮನ್ ಅಕ್ಷರ, ಪಕ್ಕದಲ್ಲಿ ಚಿಕ್ಕದಾಗಿ ಏರಿ ಕುಳಿತ ಎರಡು ಅಥವಾ ಮೂರರ ಅಂಕಿ, ಮತ್ತೊಂದು ಗುರುತು. ಹೀಗೆ ಸಾಲುಗಟ್ಟಲೆ ಕಸ. ಆಗ ಅವರು ಡಂಪನ್ನು ಒಂದು ಪರಿವರ್ತಕ ಉಪಕರಣಕ್ಕೆ ಕೊಟ್ಟು, ಯುಟಿಎಫ್-8ರಿಂದ ಲ್ಯಾಟಿನ್1ರ ವಿಂಡೋಸ್ ರೂಪವಾದ ವಿಂಡೋಸ್-1252ಕ್ಕೆ ಹಿಂದಿರುಗಿಸಿ, ಮತ್ತೆ ತುಂಬಿದರು. ಕನ್ನಡ ಕಾಣಿಸಿತು. ಬಹುಪಾಲು ಸರಿಯಾಯಿತು, ಅಲ್ಲೊಂದು ಇಲ್ಲೊಂದು ಅಕ್ಷರ ಬಿಟ್ಟಿದೆ, ಅದನ್ನು ನೀವು ಕೈಯಿಂದ ತಿದ್ದಿಕೊಳ್ಳಿ ಎಂದು ಹೇಳಿ ಕೆಲಸ ಮುಗಿಸಿದರು.

ಗ್ರಂಥಪಾಲಕಿ ಒಪ್ಪಲಿಲ್ಲ. ನಿವೃತ್ತ ಬ್ಯಾಂಕ್ ನೌಕರೆಯಾದ ಅವರು ಲೆಕ್ಕ ತಾಳೆ ನೋಡದೆ ಸಹಿ ಹಾಕುವವರಲ್ಲ. ಅವರ ಟಿಪ್ಪಣಿ ಪುಸ್ತಕದಲ್ಲಿ ಒಂದು ಸಾಲು ಹೀಗಿತ್ತು: 'ಹೋಗಿರುವುದು ಅಲ್ಲೊಂದು ಇಲ್ಲೊಂದು ಅಲ್ಲ. ಎಲ್ಲ ಕೊಂಬುಗಳೂ ಎಲ್ಲ ಒತ್ತಕ್ಷರಗಳೂ ಹೋಗಿವೆ.' ಈ ಪ್ರಕರಣದ ರೋಗನಿರ್ಣಯ ಆ ಸಾಲಿನಲ್ಲೇ ಇತ್ತು. ನಾನು ಮಾಡಿದ್ದು ಅದಕ್ಕೆ ಕಾರಣ ಹುಡುಕಿದ್ದು ಮಾತ್ರ.

ಎರಡು ತಪ್ಪು ಸೇರಿ ಒಂದು ಸರಿ

ಹಳೆಯ ತಂತ್ರಾಂಶದ ಪುಟಗಳು ಯುಟಿಎಫ್-8ರಲ್ಲಿದ್ದವು. ಆದರೆ ಅದು ಡೇಟಾಬೇಸಿಗೆ ಸಂಪರ್ಕ ಮಾಡುವಾಗ ಯಾವ ಅಕ್ಷರಸಂಕೇತ ಎಂದು ಹೇಳುತ್ತಿರಲಿಲ್ಲ. ಹೇಳದಿದ್ದರೆ 5.5 ಆವೃತ್ತಿ ಲ್ಯಾಟಿನ್1 ಎಂದುಕೊಳ್ಳುತ್ತದೆ. ಕೋಷ್ಟಕವೂ ಲ್ಯಾಟಿನ್1. ಎರಡೂ ಕಡೆ ಒಂದೇ ಸಂಕೇತ ಇದ್ದಾಗ ಪರಿವರ್ತನೆಯ ಪ್ರಶ್ನೆಯೇ ಬರುವುದಿಲ್ಲ. ಬಂದ ಬೈಟುಗಳು ಹಾಗೆಯೇ ಒಳಗೆ ಹೋಗುತ್ತವೆ, ಹಾಗೆಯೇ ಹೊರಗೆ ಬರುತ್ತವೆ. ತಾನು ಇಟ್ಟುಕೊಂಡಿರುವುದು ಕನ್ನಡ ಎಂದು ಡೇಟಾಬೇಸಿಗೆ ತಿಳಿದೇ ಇರಲಿಲ್ಲ. ಸಕ್ಕರೆಯ ಡಬ್ಬಿಗೆ ಉಪ್ಪು ಎಂಬ ಚೀಟಿ ಅಂಟಿಸಿದ್ದರೂ ಮನೆಯವರಿಗೆ ಗೊತ್ತಿರುವ ತನಕ ಚಹಾ ಸಿಹಿಯಾಗಿಯೇ ಇರುವ ಹಾಗೆ.

8.0ರಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಸರ್ವರಿನ ಮೂಲ ಅಕ್ಷರಸಂಕೇತವೇ ಯುಟಿಎಫ್8ಎಂಬಿ4. ಸಂಪರ್ಕ ಯುಟಿಎಫ್-8, ಕೋಷ್ಟಕ ಲ್ಯಾಟಿನ್1 ಎಂದಾದ ಕೂಡಲೇ ಡೇಟಾಬೇಸ್ ತನ್ನ ಕರ್ತವ್ಯವೆಂದು ಭಾವಿಸಿ ಪರಿವರ್ತನೆಗೆ ತೊಡಗುತ್ತದೆ. 'ಕ' ಎಂಬುದು ಯುಟಿಎಫ್-8ರಲ್ಲಿ 224, 178, 149 ಎಂಬ ಮೂರು ಬೈಟು. ಲ್ಯಾಟಿನ್1 ಕಣ್ಣಿಗೆ ಅವು ಮೂರು ಬೇರೆ ಬೇರೆ ಅಕ್ಷರಗಳು. ಆ ಮೂರನ್ನೂ ಪ್ರತ್ಯೇಕವಾಗಿ ಯುಟಿಎಫ್-8ಕ್ಕೆ ತಿರುಗಿಸಿದರೆ ಏಳು ಬೈಟುಗಳ ಕಸವಾಗುತ್ತದೆ. ಡಂಪ್ ತೆಗೆಯುವ ಉಪಕರಣ ತಾನಾಗಿ ಬಳಸುವುದೂ ಯುಟಿಎಫ್-8 ಸಂಪರ್ಕವನ್ನೇ. ಹಾಗಾಗಿ ಕಸ ಹುಟ್ಟಿದ್ದು ಹೊಸ ಸರ್ವರಿನಲ್ಲಿ ಅಲ್ಲ, ಡಂಪ್ ಕಡತದಲ್ಲಿಯೇ. ಅದರ ಮೇಲೆ ಚೀಟಿ ಬದಲಿಸಿದಾಗ ಕಸ ಶಾಶ್ವತವಾಗಿ ಕೋಷ್ಟಕದೊಳಗೆ ಕುಳಿತಿತು.

ಇಷ್ಟಾದರೂ ಹಿಂದಿರುಗಿಸಬಹುದಿತ್ತು. ಕೆಟ್ಟದ್ದು ಆಮೇಲಿನ ಹೆಜ್ಜೆಯಲ್ಲಿ. ಮೈಎಸ್‌ಕ್ಯೂಎಲ್ ಲ್ಯಾಟಿನ್1 ಎಂದು ಕರೆಯುವುದು ವಾಸ್ತವವಾಗಿ ವಿಂಡೋಸ್-1252 ಸಂಕೇತವನ್ನು, ಆದರೆ ಸಣ್ಣ ವ್ಯತ್ಯಾಸದೊಂದಿಗೆ. ವಿಂಡೋಸ್-1252ರಲ್ಲಿ 129, 141, 143, 144, 157 ಎಂಬ ಐದು ಸ್ಥಾನಗಳಿಗೆ ಅಕ್ಷರವಿಲ್ಲ. ಮೈಎಸ್‌ಕ್ಯೂಎಲ್ ಆ ಐದನ್ನೂ ಅದೇ ಸಂಖ್ಯೆಯ ನಿಯಂತ್ರಣ ಸಂಕೇತಗಳೆಂದು ತುಂಬಿಕೊಂಡಿರುವುದರಿಂದ ಅದರೊಳಗೆ ಹೋಗಿಬರುವ ಬೈಟು ಕಳೆದುಹೋಗುವುದಿಲ್ಲ. ಹೊರಗಿನ ಪರಿವರ್ತಕಗಳಲ್ಲಿ ಹಲವು ಹಾಗಲ್ಲ. ಆ ಐದು ಕಂಡರೆ ನಿಲ್ಲುತ್ತವೆ, ಇಲ್ಲವೇ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗುತ್ತವೆ.

ಈಗ ಕನ್ನಡದ ಬೈಟುಗಳನ್ನು ನೋಡಿ. ಕೊಂಬು, ಅಂದರೆ 'ು': 224, 179, 129. ಅರ್ಧಾಕ್ಷರದ ಚಿಹ್ನೆ '್': 224, 179, 141. 'ಏ': 224, 178, 143. 'ಐ': 224, 178, 144. 'ಝ': 224, 178, 157. ಐದು ಖಾಲಿ ಸ್ಥಾನಗಳೂ ಕನ್ನಡಕ್ಕೆ ಬೇಕಾದವು. ಅದರಲ್ಲಿ ಒಂದು, ಪ್ರತಿಯೊಂದು ಒತ್ತಕ್ಷರದ ನಡುವೆಯೂ ಪ್ರತಿಯೊಂದು ವ್ಯಂಜನಾಂತ ಪದದ ಕೊನೆಯಲ್ಲೂ ಬರುವ ಚಿಹ್ನೆ. 'ಪುಸ್ತಕ' ಎಂಬ ಪದದಲ್ಲಿಯೇ ಎರಡು ಹೋಗುತ್ತವೆ. ಇನ್ನೂ ಕಷ್ಟದ ಸಂಗತಿಯೆಂದರೆ, ಕೊಂಬೂ ಅರ್ಧಾಕ್ಷರ ಚಿಹ್ನೆಯೂ ಒಂದೇ 224, 179ರ ಮುಂದೆ ಪ್ರಶ್ನಾರ್ಥಕವಾಗಿ ಉಳಿಯುತ್ತವೆ. ಯಾವುದು ಯಾವುದೆಂದು ಯಂತ್ರಕ್ಕೆ ಹೇಳಲು ಆಧಾರವೇ ಇಲ್ಲ. ದೇವನಾಗರಿಗೂ ಇದೇ ಗತಿ. ಯೂನಿಕೋಡಿನಲ್ಲಿ ಭಾರತೀಯ ಲಿಪಿಗಳು ಬಹುಮಟ್ಟಿಗೆ ಒಂದೇ ವಿನ್ಯಾಸದಲ್ಲಿರುವುದರಿಂದ ಅಲ್ಲಿನ ಉಕಾರವೂ ಹಲಂತವೂ ಅದೇ 129 ಮತ್ತು 141ರಲ್ಲಿ ಕೊನೆಗೊಳ್ಳುತ್ತವೆ. ಸಂಘದಲ್ಲಿ ಕೆಲವರ ವಿಳಾಸ ಮರಾಠಿಯಲ್ಲಿತ್ತು, ಅವೂ ಹಾಗೆಯೇ ಹಾಳಾಗಿದ್ದವು.

'ಬಹುಪಾಲು ಸರಿ' ಎಂಬ ಮಾತನ್ನು ನಾನು ಗಂಭೀರ ಅಪಾಯ ಎಂದು ಎಣಿಸುತ್ತೇನೆ. ಪೂರ್ತಿ ಕಸವಾಗಿದ್ದರೆ ಯಾರೂ ಒಪ್ಪುವುದಿಲ್ಲ. ಮುಕ್ಕಾಲು ಓದಲು ಬರುವ ದತ್ತಾಂಶವನ್ನು ಒಪ್ಪಿ, ಹಳೆಯ ಯಂತ್ರವನ್ನು ಗುಜರಿಗೆ ಕೊಟ್ಟ ಮೇಲೆ ಮರಳುವ ದಾರಿ ಇರುವುದಿಲ್ಲ. ಇಲ್ಲಿ ಗುಜರಿಗೆ ಕೊಟ್ಟಿರಲಿಲ್ಲ. ಗ್ರಂಥಪಾಲಕಿ ಬೀಗ ಹಾಕಿ ಇಟ್ಟಿದ್ದರು.

ಮತ್ತೆ ಮೊದಲಿನಿಂದ

ಹಳೆಯ ಡಿಸ್ಕಿನ ಪ್ರತಿ ತೆಗೆದು, ಆ ಪ್ರತಿಯ ಮೇಲೆ ಮಾತ್ರ ಕೆಲಸ ಆರಂಭಿಸಿದೆವು. ಈ ಸಲ ಡಂಪ್ ತೆಗೆಯುವಾಗ ಸಂಪರ್ಕದ ಸಂಕೇತ ಲ್ಯಾಟಿನ್1 ಎಂದೇ ಸ್ಪಷ್ಟವಾಗಿ ಹೇಳಿದೆವು. ಆಗ ಪರಿವರ್ತನೆ ಇಲ್ಲ, ಬೈಟು ಇದ್ದ ಹಾಗೆಯೇ ಬರುತ್ತದೆ. ನೇರವಾಗಿ 8.0ಕ್ಕೆ ಹೋಗದೆ ನಡುವೆ 5.7ರಲ್ಲಿ ನಿಂತೆವು, ಏಕೆಂದರೆ 8.0ಕ್ಕೆ ಏರುವ ಮುನ್ನ ತೊಂದರೆಗಳನ್ನು ಪಟ್ಟಿ ಮಾಡಿ ಕೊಡುವ ಪರೀಕ್ಷಕ ಮೈಎಸ್‌ಕ್ಯೂಎಲ್ ಶೆಲ್‌ನಲ್ಲಿದೆ, ಅದನ್ನು 5.7ರ ಮೇಲೆ ಓಡಿಸಬಹುದು. ಅಲ್ಲಿಯೇ ಪ್ರತಿ ಕಾಲಮನ್ನೂ ಮೊದಲು ಬೈನರಿ ಮಾದರಿಗೆ, ಅಲ್ಲಿಂದ ಯುಟಿಎಫ್8ಎಂಬಿ4ರ ಪಠ್ಯಕ್ಕೆ ಬದಲಿಸಿದೆವು. ಬೈನರಿ ಎಂದಾಗ ಡೇಟಾಬೇಸ್ ಅರ್ಥ ಹುಡುಕುವುದನ್ನು ಬಿಡುತ್ತದೆ. ಮತ್ತೆ ಯುಟಿಎಫ್-8 ಎಂದಾಗ ಅವೇ ಬೈಟುಗಳಿಗೆ ಸರಿಯಾದ ಹೆಸರು ಸಿಗುತ್ತದೆ.

ಈ ವಿಧಾನದ ದೊಡ್ಡ ಅನುಕೂಲ ಪರಿಶೀಲನೆಯಲ್ಲಿದೆ. ಬೈಟು ಬದಲಾಗಬಾರದು ಎಂಬುದೇ ನಿಯಮವಾದಾಗ, ಹಳೆಯ ಯಂತ್ರದ ಪ್ರತಿ ಸಾಲಿನ ಹೆಕ್ಸ್ ರೂಪಕ್ಕೆ (ಬೈಟುಗಳನ್ನು ಹದಿನಾರರ ಎಣಿಕೆಯಲ್ಲಿ ಬರೆದದ್ದು) ಹ್ಯಾಷ್, ಅಂದರೆ ಒಂದು ಬೈಟು ಬದಲಾದರೂ ಬದಲಾಗುವ ಗುರುತುಸಂಖ್ಯೆ, ತೆಗೆದು ಹೊಸದರ ಹ್ಯಾಷ್ ಜೊತೆ ತಾಳೆ ನೋಡಬಹುದು. ಪರದೆಯ ಮೇಲೆ ಕನ್ನಡ ಸರಿಯಾಗಿ ಕಾಣುತ್ತದೆ ಎಂಬುದಕ್ಕೆ ನಾನು ಯಾವ ಬೆಲೆಯನ್ನೂ ಕೊಡುವುದಿಲ್ಲ. ಹಳೆಯ ವ್ಯವಸ್ಥೆಯಲ್ಲಿಯೂ ಅದು ಸರಿಯಾಗಿಯೇ ಕಾಣುತ್ತಿತ್ತು.

ಸದಸ್ಯರ ಕೋಷ್ಟಕಕ್ಕೆ ಈ ಮದ್ದು ಹತ್ತಲಿಲ್ಲ. ಅದು ಮೊದಲಿನಿಂದಲೂ ಯುಟಿಎಫ್-8ರಲ್ಲಿಯೇ ಇದ್ದು, ಹಳೆಯ ಪುಟದಿಂದ ಸೇರಿದ ಹೆಸರುಗಳು ಎರಡು ಸಲ ಸಂಕೇತಗೊಂಡಿದ್ದವು, ಈಚೆಗೆ ಬರೆದ ಪುಟದಿಂದ ಸೇರಿದವು ಸರಿಯಾಗಿದ್ದವು. ಕೋಷ್ಟಕಕ್ಕೆಲ್ಲ ಒಂದೇ ಚಿಕಿತ್ಸೆ ಕೊಟ್ಟರೆ ಸರಿ ಇದ್ದವು ಕೆಡುತ್ತವೆ. ಎರಡು ಸಲ ಸಂಕೇತಗೊಂಡ ಕನ್ನಡ ಅಕ್ಷರ 195, 160, 194 ಎಂದು ಆರಂಭವಾಗುತ್ತದೆ, ಸರಿಯಾದದ್ದು 224 ಎಂದು. ಆ ಗುರುತು ಹಿಡಿದು ಸಾಲುಗಳನ್ನು ಬೇರ್ಪಡಿಸಿ, ಮೊದಲ ಗುಂಪನ್ನು ಮಾತ್ರ ಮೈಎಸ್‌ಕ್ಯೂಎಲ್‌ನ ಒಳಗೇ ಹಿಂದಿರುಗಿಸಿದೆವು. ಹೊರಗಿನ ಪರಿವರ್ತಕವನ್ನು ಮುಟ್ಟಲಿಲ್ಲ.

ಪುಸ್ತಕಗಳ ಕೋಷ್ಟಕದಲ್ಲಿ ಇನ್ನೊಂದು ಹಳೆಯ ಗಾಯ ಬಯಲಾಯಿತು. ಶೀರ್ಷಿಕೆಯ ಕಾಲಮಿನ ಉದ್ದ 100. ಲ್ಯಾಟಿನ್1ರಲ್ಲಿ ನೂರು ಅಕ್ಷರ ಎಂದರೆ ನೂರು ಬೈಟು. ಕನ್ನಡದ ಲೆಕ್ಕದಲ್ಲಿ, ಒಂದಕ್ಕೆ ಮೂರು ಬೈಟಿನಂತೆ, 33 ಅಕ್ಷರ ಅಥವಾ ಚಿಹ್ನೆ, ಮೇಲೆ ಒಂದು ಬೈಟು. 'ಪುಸ್ತಕ' ಎಂಬ ಚಿಕ್ಕ ಪದಕ್ಕೇ 18 ಬೈಟು ಬೇಕು. ಉಪಶೀರ್ಷಿಕೆ ಇರುವ ಪುಸ್ತಕದ ಹೆಸರು ಅದರಲ್ಲಿ ಹಿಡಿಯುವುದು ಕಷ್ಟ. 5.5 ತನ್ನ ಮೂಲ ಸ್ಥಿತಿಯಲ್ಲಿ ಹೆಚ್ಚಾದದ್ದನ್ನು ಒಂದು ಎಚ್ಚರಿಕೆಯೊಂದಿಗೆ ಕತ್ತರಿಸುತ್ತಿತ್ತು, ಆ ಎಚ್ಚರಿಕೆಯನ್ನು ತಂತ್ರಾಂಶ ಯಾರಿಗೂ ತೋರಿಸುತ್ತಿರಲಿಲ್ಲ. 5.7ರಿಂದ, ಹಿಡಿಯದ ಅಥವಾ ತಪ್ಪಾದ ದತ್ತಾಂಶವನ್ನು ತಿರಸ್ಕರಿಸುವ ಕಟ್ಟುನಿಟ್ಟಿನ ವಿಧಾನವೇ ಮೂಲ ಸ್ಥಿತಿಯಾದ್ದರಿಂದ, ಅಕ್ಷರದ ನಡುವೆ ತುಂಡಾದ ಸಾಲುಗಳನ್ನು ಅದು ತಿರಸ್ಕರಿಸಿತು. ಆದರೆ ತಿರಸ್ಕೃತವಾದವು ಅಕ್ಷರದ ನಡುವೆ ತುಂಡಾದವು ಮಾತ್ರ. ಅದೃಷ್ಟವಶಾತ್ ಅಕ್ಷರದ ಅಂಚಿನಲ್ಲಿಯೇ ಕತ್ತರಿ ಬಿದ್ದ ಶೀರ್ಷಿಕೆಗಳು ಸದ್ದಿಲ್ಲದೆ ದಾಟುತ್ತವೆ. ಅವನ್ನು ಹಿಡಿಯಲು ಬೈಟುಗಳ ಉದ್ದ ಸರಿಯಾಗಿ 100 ಇರುವ ಎಲ್ಲ ಸಾಲುಗಳನ್ನೂ ಹಳೆಯ ಯಂತ್ರದಿಂದಲೇ ಪಟ್ಟಿ ಮಾಡಬೇಕಾಯಿತು.

ಇಬ್ಬರು ಒಬ್ಬರಾದದ್ದು, ಒಬ್ಬರು ಇಬ್ಬರಾದದ್ದು

8.0ರಲ್ಲಿ ಪಠ್ಯಗಳನ್ನು ಹೋಲಿಸುವ ನಿಯಮವೂ ಬದಲಾಗಿದೆ. ಹಳೆಯ ಲ್ಯಾಟಿನ್1 ನಿಯಮ ಕನ್ನಡವನ್ನು ಬೈಟುಗಳ ಸಾಲಾಗಿ ನೋಡುತ್ತಿತ್ತು. ಹೊಸ ನಿಯಮ ಯೂನಿಕೋಡಿನ ವಿಂಗಡಣಾ ಕ್ರಮವನ್ನು ಅನುಸರಿಸುತ್ತದೆ. ಅದರಲ್ಲಿ ಶೂನ್ಯ ಅಗಲದ ವಿಭಜಕ ಚಿಹ್ನೆಗೆ ಯಾವ ತೂಕವೂ ಇಲ್ಲ. ಒತ್ತಕ್ಷರವಾಗದಂತೆ ತಡೆಯಲು ನಾವು 'ಬುಕ್‌ಡಿಪೋ' ಎಂದು ಬರೆಯುವಾಗ ನಡುವೆ ಬರುವ, ಕಣ್ಣಿಗೆ ಕಾಣದ ಚಿಹ್ನೆ ಅದು. ಕೆಲವು ಕೀಲಿಮಣೆ ತಂತ್ರಾಂಶಗಳು ಪದದ ಕೊನೆಯಲ್ಲಿಯೂ ಅದನ್ನು ಸೇರಿಸುತ್ತವೆ. ಹಾಗಾಗಿ 'ರಾವ್' ಎಂಬುದು ಎರಡು ಬಗೆಯಲ್ಲಿ ಒಳಗೆ ಕುಳಿತಿತ್ತು. ಪರದೆಯ ಮೇಲೆ ಕಿಂಚಿತ್ತೂ ಭೇದವಿಲ್ಲ. ಲೇಖಕರ ಹೆಸರಿಗೆ, ಒಂದೇ ಹೆಸರು ಎರಡು ಸಲ ಸೇರದಂತೆ ತಡೆಯುವ ಅನನ್ಯ ಸೂಚ್ಯಂಕವಿತ್ತು. ಹಳೆಯದಕ್ಕೆ ಅವರು ಇಬ್ಬರು ಲೇಖಕರು, ಹೊಸದಕ್ಕೆ ಒಬ್ಬರೇ. ಹೊಸ ಕೋಷ್ಟಕ ನಕಲು ಎಂದು ದೂರಿ ನಿಂತಿತು.

ಆ ಸೂಚ್ಯಂಕವನ್ನೇ ತೆಗೆದುಹಾಕಿ ಎಂಬ ಸಲಹೆ ಸಮಿತಿಯಲ್ಲಿ ಬಂತು. ನಾನು ಬಲವಾಗಿ ವಿರೋಧಿಸಿದೆ. ಒಬ್ಬ ಲೇಖಕರ ಪುಸ್ತಕಗಳು ಇಷ್ಟು ವರ್ಷ ಎರಡು ಹೆಸರಿನಡಿ ಹಂಚಿಹೋಗಿದ್ದವು, ಓದುಗರು ಹುಡುಕಿದಾಗ ಅರ್ಧ ಮಾತ್ರ ಸಿಗುತ್ತಿದ್ದವು ಎಂಬುದನ್ನು ಈ ದೋಷಸಂದೇಶ ಮೊದಲ ಬಾರಿಗೆ ತೋರಿಸಿಕೊಟ್ಟಿತ್ತು. ಗ್ರಂಥಪಾಲಕಿ ಪಟ್ಟಿ ನೋಡಿ ಯಾರು ಯಾರೆಂದು ನಿರ್ಧರಿಸಿದರು. ಪುಸ್ತಕಗಳನ್ನು ಒಂದೇ ಲೇಖಕರಿಗೆ ಸೇರಿಸಿ ಇನ್ನೊಂದು ಸಾಲನ್ನು ತೆಗೆದೆವು. ಪದದ ಕೊನೆಯ ಅನಗತ್ಯ ವಿಭಜಕಗಳನ್ನು ದತ್ತಾಂಶದಿಂದಲೇ ಅಳಿಸಿದೆವು. ಭಾಗಶಃ ಹುಡುಕಾಟಕ್ಕೆ ಬಳಸುವ 'ಲೈಕ್' ಹೋಲಿಕೆ ಅಕ್ಷರಕ್ಕೆ ಅಕ್ಷರ ನಡೆಯುತ್ತದೆ. ಸಮ ಚಿಹ್ನೆಯ ಹೋಲಿಕೆ ಕೊಡುವ ಉತ್ತರವನ್ನೇ ಅದೂ ಕೊಡುತ್ತದೆ ಎಂದು ನಂಬಿ ಕೂರುವಂತಿಲ್ಲ.

ತದ್ವಿರುದ್ಧವಾದ ತೊಂದರೆ ಸದಸ್ಯರ ಸಂಕೇತಸಂಖ್ಯೆಯಲ್ಲಿತ್ತು, ಮತ್ತು ಅದು ಸದ್ದು ಮಾಡಲಿಲ್ಲ. ಹಳೆಯ ಹೋಲಿಕೆ ನಿಯಮಗಳು ಪದದ ಕೊನೆಯ ಖಾಲಿ ಜಾಗವನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. 8.0ರ ಹೊಸ ನಿಯಮ ಹಿಡಿಯುತ್ತದೆ. ಎಕ್ಸೆಲ್‌ನಿಂದ ನಕಲಿಸಿ ಅಂಟಿಸಿದ ಸಂಖ್ಯೆಗಳ ಹಿಂದೆ ಅಲ್ಲಲ್ಲಿ ಒಂದು ಖಾಲಿ ಜಾಗ ಉಳಿದಿತ್ತು. ಹೊಸ ಆವೃತ್ತಿಯಲ್ಲಿ ಎರವಲಿನ ಕೋಷ್ಟಕವನ್ನು ಸದಸ್ಯರ ಕೋಷ್ಟಕದೊಂದಿಗೆ ಜೋಡಿಸಿದಾಗ ಆ ಸದಸ್ಯರ ಎರವಲುಗಳೆಲ್ಲ ಮಾಯವಾದವು. ದೋಷವಿಲ್ಲ, ಎಚ್ಚರಿಕೆಯಿಲ್ಲ, ವರದಿ ಅಚ್ಚುಕಟ್ಟಾಗಿ ಬಂತು, ಪುಸ್ತಕ ಒಯ್ದವರ ಹೆಸರು ಮಾತ್ರ ಇರಲಿಲ್ಲ. ಹಳೆಯ ಯಂತ್ರದ ಅದೇ ವರದಿಯನ್ನು ಪಕ್ಕದಲ್ಲಿಟ್ಟು ಸಾಲುಗಳ ಸಂಖ್ಯೆ ಹೋಲಿಸಿದ್ದರಿಂದ ತಿಳಿಯಿತು.

ಸೊನ್ನೆ ದಿನಾಂಕ

ಹಿಂದಿರುಗಿಸದ ಪುಸ್ತಕಕ್ಕೆ ಹಳೆಯ ತಂತ್ರಾಂಶ ವರ್ಷ, ತಿಂಗಳು, ದಿನ ಮೂರನ್ನೂ ಸೊನ್ನೆ ಎಂದು ಬರೆಯುತ್ತಿತ್ತು. 5.7ರಿಂದ ಅಂಥ ದಿನಾಂಕಕ್ಕೆ ಮೂಲ ಸ್ಥಿತಿಯಲ್ಲಿ ಪ್ರವೇಶವಿಲ್ಲ. ಆದರೂ ಡಂಪ್ ತುಂಬುವಾಗ ಒಂದು ದೋಷವೂ ಬರಲಿಲ್ಲ. ಕಾರಣ ಕಡತದ ತಲೆಯಲ್ಲಿದೆ: ಡಂಪ್ ಉಪಕರಣ ತನ್ನ ಕಡತದ ಆರಂಭದಲ್ಲಿಯೇ ಕಟ್ಟುನಿಟ್ಟಿನ ವಿಧಾನವನ್ನು ತಾತ್ಕಾಲಿಕವಾಗಿ ಸಡಿಲಿಸುವ ಸಾಲನ್ನು ಬರೆದಿರುತ್ತದೆ. ಸೊನ್ನೆ ದಿನಾಂಕಗಳು ಒಳಗೆ ಬಂದು ಕುಳಿತವು, ಕೋಷ್ಟಕದ ರಚನೆ ಬದಲಿಸಲು ಹೊರಟಾಗ ಎದ್ದು ನಿಂತವು. ಡಂಪ್ ತುಂಬಿತು ಎಂಬುದರಿಂದ ದತ್ತಾಂಶ ಹೊಸ ಆವೃತ್ತಿಗೆ ಒಪ್ಪುತ್ತದೆ ಎಂದು ಅರ್ಥವಾಗುವುದಿಲ್ಲ.

ಸರ್ವರಿನ ವಿಧಾನವನ್ನೇ ಕಾಯಂ ಸಡಿಲಿಸಿ ಬಿಡುವುದು ಹಲವರು ಹಿಡಿಯುವ ದಾರಿ. ಶೀರ್ಷಿಕೆಗಳನ್ನು ಕತ್ತರಿಸಿದ್ದು ಅದೇ ಸಡಿಲಿಕೆ ಎಂದು ಸಮಿತಿಗೆ ತೋರಿಸಿದ ಮೇಲೆ ಆ ಮಾತು ನಿಂತಿತು. ಸೊನ್ನೆಗಳನ್ನು 'ಬೆಲೆಯಿಲ್ಲ' ಎಂಬ ನಲ್ ಗುರುತಿಗೆ ಬದಲಿಸಿದೆವು. ಅದರೊಂದಿಗೆ ತಂತ್ರಾಂಶದಲ್ಲಿ ಸೊನ್ನೆಯನ್ನು ಹುಡುಕುತ್ತಿದ್ದ ಪ್ರತಿ ಪ್ರಶ್ನೆಯನ್ನೂ ಬದಲಿಸಬೇಕು. ಒಂದನ್ನು ಮರೆತರೂ ಆ ಪುಟದ ಪಾಲಿಗೆ ಎರವಲು ಹೋದ ಪುಸ್ತಕವೇ ಇಲ್ಲ.

ಉಳಿದವು ಗದ್ದಲ ಮಾಡುವ, ಆದ್ದರಿಂದ ಸುಲಭವಾದ ತೊಂದರೆಗಳು. ಓದುಗ ಬಳಗಗಳ ಕೋಷ್ಟಕಕ್ಕೆ 'ಗ್ರೂಪ್ಸ್' ಎಂದು ಹೆಸರಿತ್ತು, 8.0ರಲ್ಲಿ ಅದು ಕಾಯ್ದಿರಿಸಿದ ಪದ, ಹೆಸರು ಬದಲಿಸಿದೆವು. ವಿಂಡೋಸಿನಲ್ಲಿ ಕೋಷ್ಟಕದ ಹೆಸರಿನ ದೊಡ್ಡ, ಸಣ್ಣ ಅಕ್ಷರಗಳಿಗೆ ಭೇದವಿಲ್ಲ, ಲಿನಕ್ಸಿನಲ್ಲಿ ಇದೆ, 8.0ರಲ್ಲಿ ಆ ವ್ಯವಸ್ಥೆಯನ್ನು ಸರ್ವರ್ ಮೊದಲು ಸಿದ್ಧಗೊಳಿಸುವಾಗಲೇ ಆರಿಸಿಕೊಳ್ಳಬೇಕು, ಆಮೇಲೆ ಬದಲಿಸಲಾಗದು. ಪಿಎಚ್‌ಪಿಯ ಹಳೆಯ ಮೈಎಸ್‌ಕ್ಯೂಎಲ್ ಆಜ್ಞೆಗಳು 7.0ರಲ್ಲಿಯೇ ಹೋಗಿದ್ದರಿಂದ ಸಂಪರ್ಕದ ಭಾಗವನ್ನು ಹೊಸದಾಗಿ ಬರೆಯಬೇಕಾಯಿತು. ಸದ್ದು ಮಾಡದ್ದು ಇನ್ನೊಂದು ಮಾತ್ರ: ಗುಂಪುಗೂಡಿಸಿದ ಫಲಿತಾಂಶವನ್ನು 5.7ರ ತನಕ ತಾನಾಗಿಯೇ ಕ್ರಮದಲ್ಲಿ ಜೋಡಿಸುತ್ತಿದ್ದ ಅಭ್ಯಾಸವನ್ನು 8.0 ಬಿಟ್ಟಿದೆ. ವಾರ್ಷಿಕ ಮಹಾಸಭೆಯ ವರದಿಯಲ್ಲಿ ವರ್ಷಗಳು ಹಿಂದುಮುಂದಾದವು. ಕ್ರಮ ಬೇಕಾದಲ್ಲಿ ಅದನ್ನು ಸ್ಪಷ್ಟವಾಗಿ ಕೇಳುವಂತೆ ತಿದ್ದಿದೆವು.

ಬದಲಾವಣೆಯ ದಿನ

ಹೊಸ ಸರ್ವರಿಗೆ ದಾಟಿದ್ದು ಗ್ರಂಥಾಲಯಕ್ಕೆ ರಜೆ ಇದ್ದ ದಿನ. 8.0ರಿಂದ 5.7ಕ್ಕೆ ಇಳಿಯುವ ಸೌಲಭ್ಯವೇ ಇಲ್ಲ, ಬ್ಯಾಕಪ್‌ನಿಂದ ಮರಳಿ ತುಂಬುವುದೊಂದೇ ದಾರಿ. ಆದ್ದರಿಂದ ಅಂದಿನ ಮಟ್ಟಿಗೆ ಹಳೆಯ ಯಂತ್ರದಲ್ಲಿ ಬರೆಯುವ ಅವಕಾಶವನ್ನು ಮುಚ್ಚಿ, ಓದುವುದನ್ನು ಮಾತ್ರ ಉಳಿಸಿದ್ದೆವು. ಹ್ಯಾಷ್ ತಾಳೆ ಮುಗಿದ ಮೇಲೆಯೂ ಗ್ರಂಥಪಾಲಕಿ ತಮ್ಮದೇ ಪರೀಕ್ಷೆ ನಡೆಸಿದರು: ಕೊಂಬು, ಒತ್ತಕ್ಷರ, 'ಏ', 'ಐ', 'ಝ' ಇರುವ ಶೀರ್ಷಿಕೆಗಳನ್ನು ಕಪಾಟಿನಿಂದ ಆರಿಸಿ ತಂದು ಒಂದೊಂದಾಗಿ ಪರದೆಯೊಂದಿಗೆ ಹೋಲಿಸಿದರು.

ತುಂಡಾದ ಶೀರ್ಷಿಕೆಗಳನ್ನು ಯಾವ ಆಜ್ಞೆಯೂ ಮರಳಿ ತರಲಾರದು. ಕಾಲಮಿನ ಉದ್ದವನ್ನು 500 ಅಕ್ಷರಕ್ಕೆ ಏರಿಸಿ, ಪಟ್ಟಿಯನ್ನು ಅಚ್ಚು ಹಾಕಿಸಿ ಕಪಾಟುಗಳಿಗೆ ಅನುಸಾರವಾಗಿ ಹಂಚಿದ್ದೇವೆ. ಭಾನುವಾರಗಳಂದು ಸ್ವಯಂಸೇವಕರು ಪುಸ್ತಕದ ಒಳಪುಟ ತೆರೆದು ಪೂರ್ಣ ಹೆಸರನ್ನು ಬರೆದುಕೊಳ್ಳುತ್ತಾರೆ. ರಾತ್ರಿ ಶಾಲೆಗಳಿಂದ ಬಂದ ಕೆಲವು ಪುಸ್ತಕಗಳಿಗೆ ಒಳಪುಟವೇ ಇಲ್ಲ. ಅವುಗಳ ಮುಂದೆ ಅಪೂರ್ಣ ಎಂಬ ಗುರುತು ಹಾಕಲು ಬೇರೊಂದು ಕಾಲಂ ಮಾಡಿದ್ದೇವೆ, ಊಹಿಸಿ ತುಂಬಬಾರದು ಎಂದು ಸಮಿತಿ ನಿರ್ಣಯ ಮಾಡಿದೆ.

8.0ರ ಬೆಂಬಲಕ್ಕೂ ನಿಗದಿಯಾದ ಕೊನೆ 2026ರ ಏಪ್ರಿಲ್. ಮುಂದಿನದು 2024ರ ಏಪ್ರಿಲಿನಲ್ಲಿ ಬಂದ ದೀರ್ಘಕಾಲಿಕ ಬೆಂಬಲದ 8.4 ಆವೃತ್ತಿ. ಅಲ್ಲಿ ಹಳೆಯ ಪಾಸ್‌ವರ್ಡ್ ವಿಧಾನ ಮೂಲ ಸ್ಥಿತಿಯಲ್ಲಿ ನಿಷ್ಕ್ರಿಯವಾಗಿದೆ. 8.0ಕ್ಕೆ ಬಂದಾಗ ಸಂಪರ್ಕ ಸಿಗದೆ ತಂತ್ರಜ್ಞರು ಖಾತೆಯನ್ನು ಹಳೆಯ ವಿಧಾನಕ್ಕೆ ಇಳಿಸಿದ್ದರು, ಪಿಎಚ್‌ಪಿ 7.4ರಿಂದ ಈಚಿನ ಆವೃತ್ತಿಗಳಿಗೆ ಹೊಸ ವಿಧಾನ ತಿಳಿದಿರುವುದರಿಂದ ನಾವು ಅದನ್ನು ಮತ್ತೆ ಮೇಲೇರಿಸಿದ್ದೇವೆ. 8.4ರ ಪರೀಕ್ಷಾ ಪ್ರತಿಯಲ್ಲಿ ಸಂಪರ್ಕ ಮೊದಲ ಸಲಕ್ಕೇ ಸಿಕ್ಕಿತು. ಸಾಲುಗಳ ಹ್ಯಾಷ್ ತಾಳೆ ಈಗ ನಡೆಯುತ್ತಿದೆ.